ಅರವತ್ತೊಂದನೇ ಮೀಟರ್

ಜೂನ್ 3, ಸೋಮವಾರ

ಇವತ್ತು ಆಸ್ಪತ್ರೆಯ ನೆಟ್‌ವರ್ಕ್ ಲಿಂಕ್ ನಾಲ್ಕು ಸಲ ಬಿತ್ತು. 7:40, 7:52, 11:15, 3:05. ಒಂದೊಂದು ಸಲ ಹತ್ತು ಸೆಕೆಂಡು, ಒಂದೊಂದು ಸಲ ಎರಡು ಮೂರು ನಿಮಿಷ. ನಾನು ಕುರ್ಚಿ ಬಿಟ್ಟೆದ್ದು ಸ್ವಿಚ್ ರೂಮಿಗೆ ಓಡುವಷ್ಟರಲ್ಲಿ ಹಸಿರು ದೀಪ ಮತ್ತೆ ಹತ್ತಿಕೊಂಡು, ನಾನೇನು ಮಾಡಿದೆ ಅನ್ನುವ ಹಾಗೆ ಮಿಣುಕುತ್ತಿರುತ್ತದೆ.

ಏನೂ ಗೊತ್ತಿಲ್ಲದವರಿಗೆ ಹೇಳುವ ಹಾಗೆ ಮೊದಲಿಂದ ಬರೆದುಕೋ, ತಪ್ಪು ತಾನಾಗಿ ಕಾಣುತ್ತದೆ ಅಂತ ಮೇಷ್ಟ್ರು ಹೇಳಿಕೊಟ್ಟಿದ್ದರು. ಬರೆಯುತ್ತೇನೆ. ಆಸ್ಪತ್ರೆಯ ಮುಖ್ಯ ಕಟ್ಟಡದಲ್ಲಿ ಕಂಪ್ಯೂಟರುಗಳನ್ನು ಒಂದಕ್ಕೊಂದು ಸೇರಿಸುವ ಪೆಟ್ಟಿಗೆ, ಅಂದರೆ ಒಂದು ಸ್ವಿಚ್, ಹಿಂದಿನ ಸ್ಕ್ಯಾನಿಂಗ್ ಕಟ್ಟಡದಲ್ಲಿ ಇನ್ನೊಂದು. ನಡುವೆ ನೆಲದ ಕೆಳಗೆ ನೂರ ನಲವತ್ತು ಮೀಟರ್ ಫೈಬರ್ ಕೇಬಲ್. ಅದರೊಳಗೆ ಕೂದಲಿನಷ್ಟು ಸಣ್ಣ ಹನ್ನೆರಡು ಗಾಜಿನ ಎಳೆ. ಎರಡು ಎಳೆಯಲ್ಲಿ ಬೆಳಕು ಹೋಗಿ ಬರುತ್ತದೆ. ಅವು ಕೈಕೊಟ್ಟರೆ ಇರಲಿ ಅಂತ ಇನ್ನೆರಡು. ಮಿಕ್ಕವು ಸುಮ್ಮನೆ ಬಿದ್ದಿವೆ. ಸ್ಕ್ಯಾನ್ ಚಿತ್ರಗಳೆಲ್ಲ ಈ ದಾರಿಯಲ್ಲೇ ಎಮರ್ಜೆನ್ಸಿ ಡಾಕ್ಟರ ಪರದೆಗೆ ಬರಬೇಕು. ದಾರಿ ಕಡಿದರೆ ಚಿತ್ರ ಅರ್ಧಕ್ಕೇ ನಿಂತು, ಮತ್ತೆ ಮೊದಲಿಂದ ಕಳಿಸಬೇಕು.

ಮೇಷ್ಟ್ರಿಗೆ ಮೂರು ಸಲ ಫೋನ್ ಮಾಡಿದೆ. ಬೇಜಾರೇ ಮಾಡಿಕೊಳ್ಳಲಿಲ್ಲ. "ತುದಿಯಲ್ಲಿರೋ ಮಾಡ್ಯೂಲ್ ಬದಲಾಯಿಸಮ್ಮ. ಬೆಳಕು ಉಗುಳಿ ಉಗುಳಿ ಅದಕ್ಕೂ ವಯಸ್ಸಾಗುತ್ತೆ, ನನ್ನ ಹಾಗೆ" ಅಂತ ನಕ್ಕರು. ಆ ನಗು ಕೇಳಿದರೇ ಅರ್ಧ ಕೆಲಸ ಮುಗಿದ ಹಾಗೆ. ಅವರು ನಿವೃತ್ತರಾಗಿ ಎರಡು ವರ್ಷವಾಯಿತು, ಅವರ ಕುರ್ಚಿಯಲ್ಲಿ ಈಗ ನಾನು ಕೂರುತ್ತೇನೆ. ಆದರೂ ಸಲಹೆಗಾರರು ಅಂತ ಆಸ್ಪತ್ರೆ ಅವರನ್ನು ಬಿಟ್ಟುಕೊಟ್ಟಿಲ್ಲ. ನಾನಂತೂ ಬಿಡುವವಳೇ ಅಲ್ಲ. ಕೇಬಲ್ಲಿನ ಸಿಪ್ಪೆ ಸುಲಿಯುವುದರಿಂದ ಹಿಡಿದು ಎಲ್ಲವನ್ನೂ ಕೈ ಹಿಡಿದು ಕಲಿಸಿದವರು ಅವರು.

ಜೂನ್ 5, ಬುಧವಾರ

ಎರಡೂ ಕಡೆ ಹೊಸ ಮಾಡ್ಯೂಲ್ ಹಾಕಿದೆ. ಎಳೆಗಳ ತುದಿಯನ್ನು ಒರೆಸಿ, ಭೂತಗನ್ನಡಿಯಲ್ಲಿ ನೋಡಿ, ಮತ್ತೆ ಒರೆಸಿದೆ. ಒಂದು ಚೂರು ಧೂಳಿಲ್ಲ. 11:20ಕ್ಕೆ ಬಿತ್ತು.

ಎಮರ್ಜೆನ್ಸಿಯ ಹೆಡ್ ಸಿಸ್ಟರ್ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತರು. "ನಿಮ್ಮ ಕಂಪ್ಯೂಟರಿಗಿಂತ ನನ್ನ ಮಂಡಿನೋವಿನ ಕಾಲೇ ವಾಸಿ ಮೇಡಂ. ಬೆಳಿಗ್ಗೆಯಿಂದ ಐದು ಸಲ ಹಿಂದಿನ ಕಟ್ಟಡಕ್ಕೆ ಹೋಗಿ ಬಂದೆ."

ಅವರಿಗೆ ಏನು ಹೇಳಲಿ. ಮೇಷ್ಟ್ರು ನೋಡುತ್ತಿದ್ದಾರೆ, ಸರಿಹೋಗುತ್ತದೆ ಅಂದೆ.

ಜೂನ್ 7, ಶುಕ್ರವಾರ

ಒಂದು ವಿಚಿತ್ರ. ಬೀಳುವಾಗ ಮುಖ್ಯ ಎಳೆಗಳೂ ಬದಲಿ ಎಳೆಗಳೂ ಒಂದೇ ಸೆಕೆಂಡಿಗೆ ಬೀಳುತ್ತಿವೆ. ನಾಲ್ಕು ಮಾಡ್ಯೂಲ್ ಮಾತಾಡಿಕೊಂಡು ಒಟ್ಟಿಗೆ ಕೆಡುತ್ತವೆಯೇ? ಕೇಬಲ್ಲಿಗೇ ಏನೋ ಆಗಿರಬೇಕು ಅನ್ನಿಸಿತು. ಮೇಷ್ಟ್ರಿಗೆ ಹೇಳಿದೆ.

"ಎರಡೂ ಒಟ್ಟಿಗೆ ಬಿತ್ತು ಅಂದ್ರೆ ಅದು ಸ್ವಿಚ್ಚಿನದೇ ಕಿತಾಪತಿ" ಅಂದರು. "ಕೇಬಲ್ ನಾನು ಖುದ್ದು ನಿಂತು ಹಾಕಿಸಿದ್ದು. ಈ ತುದಿಯಿಂದ ಆ ತುದಿಗೆ ಒಂದೇ ತುಂಡು, ನಡುವೆ ಜೋಡಣೆ ಇಲ್ಲ."

ದೂರ ಅಳೆಯುವ ಮೀಟರ್ ಕೊಡುತ್ತೀರಾ ಅಂತ ಕೇಳಿದೆ. ಅದು ಎಳೆಯೊಳಗೆ ಬೆಳಕು ಬಿಟ್ಟು, ಎಷ್ಟನೇ ಮೀಟರಿನಲ್ಲಿ ತೊಡಕಿದೆ ಅಂತ ತೋರಿಸುತ್ತದೆ. ಆಸ್ಪತ್ರೆಯಲ್ಲಿ ಇರುವುದು ಒಂದೇ, ಅವರ ಕೈಯಲ್ಲೇ ಇರುತ್ತಿತ್ತು. ರಿಪೇರಿಗೆ ಕೊಟ್ಟಿದ್ದಾರಂತೆ.

ಸರಿ, ನಾಳೆ ಸ್ವಿಚ್ಚನ್ನೇ ಬದಲಾಯಿಸುತ್ತೇನೆ.

ಜೂನ್ 9, ಭಾನುವಾರ

ನಿನ್ನೆ ಸಂಜೆ ಹೊಸ ಸ್ವಿಚ್ ಹಾಕಿದೆ. ಆಗಿನಿಂದ ಒಂದೇ ಒಂದು ಸಲ ಬಿದ್ದಿಲ್ಲ! ಮೇಷ್ಟ್ರಿಗೆ ಫೋನ್ ಮಾಡಿ, ನೀವು ಹೇಳಿದ ಹಾಗೇ ಆಯಿತು ಅಂದೆ. ತಂಗಿ ಪಕ್ಕದಲ್ಲಿ ಮಕ್ಕಳ ಗಣಿತದ ಪೇಪರ್ ತಿದ್ದುತ್ತಾ ಕೂತಿದ್ದಳು. "ಅಕ್ಕಾ, ಮೇಷ್ಟ್ರು ಸೂರ್ಯ ಪಶ್ಚಿಮದಲ್ಲಿ ಹುಟ್ಟುತ್ತಾನೆ ಅಂದ್ರೂ ನೀನು ಕಿಟಕಿ ಬದಲಾಯಿಸ್ತೀಯ" ಅಂದಳು. ನಕ್ಕುಬಿಟ್ಟೆ. ಎಷ್ಟು ದಿನವಾಗಿತ್ತು ಹೀಗೆ ಹಗುರವಾಗಿ.

ಜೂನ್ 10, ಸೋಮವಾರ

7:40.

ಜೂನ್ 13, ಗುರುವಾರ

ಇವತ್ತಿನದನ್ನು ಬರೆಯಲೇಬೇಕು.

ಹನ್ನೊಂದು ಗಂಟೆ ಸುಮಾರಿಗೆ ಲಕ್ವ ಹೊಡೆದ ಒಬ್ಬರನ್ನು ಕರೆತಂದರು. ಐವತ್ತು ದಾಟಿರಲಿಕ್ಕಿಲ್ಲ, ಬಡಗಿ ಅಂತೆ. ತಲೆಯ ಸ್ಕ್ಯಾನ್ ಆಯಿತು. ಚಿತ್ರ ಬರಲಿಲ್ಲ. ಮೂರು ಸಲ ಕಳಿಸಿದರು, ಮೂರು ಸಲವೂ ಅರ್ಧಕ್ಕೆ ನಿಂತಿತು. ಕೊನೆಗೆ ಡಾಕ್ಟರೇ ಸ್ಟೆತಸ್ಕೋಪ್ ಕೈಯಲ್ಲಿ ಹಿಡಿದುಕೊಂಡು ಹಿಂದಿನ ಕಟ್ಟಡಕ್ಕೆ ಓಡಿದರು. ನೋಡಿ ಬಂದು ಔಷಧಿ ಶುರು ಮಾಡುವ ಹೊತ್ತಿಗೆ ಇಪ್ಪತ್ತೆರಡು ನಿಮಿಷ ಹೋಗಿತ್ತು.

ಜೀವ ಉಳಿದಿದೆ. ಬಲಗೈ ಏಳುತ್ತಿಲ್ಲ. ಆ ಇಪ್ಪತ್ತೆರಡು ನಿಮಿಷ ಇದ್ದಿದ್ದರೆ ಏಳುತ್ತಿತ್ತೇ? ಡಾಕ್ಟರನ್ನು ಕೇಳಿದೆ. "ಹೇಳೋಕಾಗಲ್ಲ" ಅಂದರು. ಏಳುತ್ತಿರಲಿಲ್ಲ ಅಂತ ಮಾತ್ರ ಅನ್ನಲಿಲ್ಲ.

ಅವರ ಹೆಂಡತಿ ಗಂಡನ ಕನ್ನಡಕವನ್ನು ಸೆರಗಿನಲ್ಲಿ ಒರೆಸುತ್ತಾ ಬೆಂಚಿನ ಮೇಲೆ ಕೂತಿದ್ದರು. ನಾನು ಯಾರೆಂದು ಅವರಿಗೆ ಗೊತ್ತಿಲ್ಲ. ಹತ್ತಿರ ಹೋಗುವ ಧೈರ್ಯ ಬರಲಿಲ್ಲ.

ನಾಲ್ಕು ಗಂಟೆಗೆ ಸೂಪರಿಂಟೆಂಡೆಂಟ್ ಕರೆಸಿದರು. ಹೋದರೆ ಮೇಷ್ಟ್ರು ಆಗಲೇ ಅಲ್ಲಿ ಕೂತಿದ್ದರು. ಜೀವ ಬಂದ ಹಾಗಾಯಿತು. ನನ್ನ ಪರವಾಗಿ ಮಾತಾಡಲು ಬಂದಿದ್ದಾರೆ, ಕರೆಯದೇ ಬಂದಿದ್ದಾರೆ. ನಾನು ಒಳಗೆ ಹೋದ ಮೇಲೆ ಅವರು ಏನೂ ಮಾತಾಡಲಿಲ್ಲ. ಆಗಲೇ ಎಲ್ಲಾ ಹೇಳಿ ಮುಗಿಸಿರಬೇಕು.

ಜೂನ್ 14, ಶುಕ್ರವಾರ

ಪತ್ರ ಬಂತು. "ಸಲಹೆಗಾರರ ಅಭಿಪ್ರಾಯದಂತೆ ಕೇಬಲ್ ಸುಸ್ಥಿತಿಯಲ್ಲಿದ್ದು, ಸ್ವಿಚ್ ನಿರ್ವಹಣೆಯಲ್ಲಿ ತಮ್ಮ ಅಜಾಗರೂಕತೆಯೇ ತೊಂದರೆಗೆ ಕಾರಣವೆಂದು ಕಂಡುಬಂದಿದೆ. ಹನ್ನೊಂದು ದಿನದೊಳಗೆ ವಿವರಣೆ ನೀಡತಕ್ಕದ್ದು."

ನಾಲ್ಕು ಸಲ ಓದಿದೆ. ಗುಮಾಸ್ತರು ಏನೋ ಒಂದಕ್ಕೊಂದು ಸೇರಿಸಿ ಬರೆದಿರಬೇಕು ಅಂದುಕೊಂಡೆ. ಮೇಷ್ಟ್ರಿಗೆ ಫೋನ್ ಮಾಡಿದೆ.

"ಮೇಲಿನವರ ಬಾಯಿ ಮುಚ್ಚಿಸೋಕೆ ಏನಾದ್ರೂ ಹೇಳಲೇಬೇಕಿತ್ತಮ್ಮ. ತಲೆ ಕೆಡಿಸ್ಕೋಬೇಡ. ಹತ್ತು ದಿನ ಬಿಟ್ರೆ ಎಲ್ರೂ ಮರೀತಾರೆ."

"ನನ್ನ ಅಜಾಗರೂಕತೆ ಅಂತ ನೀವೇ ಹೇಳಿದ್ರಾ?"

"ಹಾಗಲ್ಲ, ಹಾಗೆ ಅರ್ಥ ಬರೋ ಹಾಗೆ ಹೇಳಿರಬಹುದು."

ಅವರಿಗೆ ಏನು ಕಷ್ಟವಿತ್ತೋ. ಮೇಲಿನವರ ಮುಂದೆ ಕೂತಾಗ ಯಾರಿಗಾದರೂ ಮಾತು ಹೆಚ್ಚು ಕಮ್ಮಿ ಆಗುತ್ತದೆ.

ಮಲಗುವ ಮುಂಚೆ ಬಾಗಿಲಿಗೆ ಚಿಲಕ ಹಾಕಿದ್ದೀನಿ ಅಂದಳು ತಂಗಿ. ಎದ್ದು ಹೋಗಿ ನೋಡಿದೆ. ಹಾಕಿದ್ದಳು.

ಜೂನ್ 17, ಸೋಮವಾರ

ಬಿದ್ದ ಹೊತ್ತನ್ನೆಲ್ಲ ಒಂದು ಹಾಳೆಯಲ್ಲಿ ವಾರದ ಪ್ರಕಾರ ಬರೆದೆ. ನನಗೇ ನಾಚಿಕೆಯಾಯಿತು. ಎರಡು ವಾರದಿಂದ ಇದು ಕಣ್ಣೆದುರಿಗೇ ಇತ್ತು. 7:40 ಪ್ರತಿದಿನ ಇದೆ. ಹನ್ನೊಂದೂಕಾಲಿನ ಆಚೀಚೆ ಪ್ರತಿದಿನ ಇದೆ. ಮೂರು ಗಂಟೆಗೆ ಇದೆ. ಭಾನುವಾರ ಮಾತ್ರ ಒಂದೂ ಇಲ್ಲ. ಹೊಸ ಸ್ವಿಚ್ಚಿನಿಂದ ಸರಿಹೋಯಿತು ಅಂತ ನಾನು ಕುಣಿದದ್ದೂ ಭಾನುವಾರವೇ.

ಸ್ವಿಚ್ಚಿಗೆ ಭಾನುವಾರ ರಜೆ ಇರುತ್ತದೆಯೇ? ರಜೆ ಇರುವುದು ಮನುಷ್ಯರಿಗೆ.

ಫೋನ್ ಕೈಗೆ ತೆಗೆದುಕೊಂಡೆ. ಮತ್ತೆ ಮೇಜಿನ ಮೇಲಿಟ್ಟೆ. ನಾಳೆ ನೋಡಿ ಆಮೇಲೆ ಹೇಳಿದರಾಯಿತು.

ಜೂನ್ 18, ಮಂಗಳವಾರ

ಏಳೂವರೆಗೆ ಹೋಗಿ ಕೇಬಲ್ ಹಾದುಹೋಗುವ ಹಿಂದಿನ ಕಾರಿಡಾರಿನಲ್ಲಿ ಲ್ಯಾಪ್‌ಟಾಪ್ ಹಿಡಿದು ನಿಂತೆ. ಎಳೆಯಲ್ಲಿ ಬರುವ ಬೆಳಕು ಎಷ್ಟಿದೆ ಅಂತ ಸ್ವಿಚ್ಚೇ ತೋರಿಸುತ್ತದೆ. ಮೈನಸ್ ಏಳು ಇದ್ದರೆ ಚೆನ್ನ. ಮೈನಸ್ ಇಪ್ಪತ್ತು ದಾಟಿದರೆ ಕತ್ತಲೆ.

7:40ಕ್ಕೆ ಕೊಳೆ ಬಟ್ಟೆಯ ದೊಡ್ಡ ಗಾಡಿ ಬಂತು. ನೆಲದಲ್ಲಿ ಕೂರಿಸಿದ ಕಬ್ಬಿಣದ ತಗಡಿನ ಮೇಲೆ ಅದರ ಚಕ್ರ ಹತ್ತಿ "ಧಡ್" ಅಂತು. ಮೈನಸ್ ಮೂವತ್ತೆರಡು. ಗಾಡಿ ಮುಂದೆ ಹೋಯಿತು. ಮೈನಸ್ ಏಳು.

ಗಾಡಿ ತಳ್ಳುವವಳನ್ನು ಕೇಳಿದೆ. ಆಚೆ ಕಾರಿಡಾರಿನ ನೆಲ ಕಿತ್ತು ಹಾಕಿದ್ದಾರೆ, ಕಳೆದ ತಿಂಗಳ ಕೊನೆಯಿಂದ ಬಟ್ಟೆ ಗಾಡಿ, ಸಿಲಿಂಡರ್ ಗಾಡಿ, ಊಟದ ಗಾಡಿ ಎಲ್ಲಾ ಇದೇ ದಾರಿ ಅಂದಳು. ಭಾನುವಾರ? "ಭಾನುವಾರ ಲಾಂಡ್ರಿ ಇಲ್ಲ, ಸಿಲಿಂಡರೂ ಬರಲ್ಲ. ಊಟದ ಗಾಡಿ ಹಗುರ, ಒಬ್ಬಳೇ ಎತ್ತಿ ದಾಟಿಸ್ತೀನಿ."

ನಮ್ಮ ಎಲೆಕ್ಟ್ರಿಷಿಯನ್ನನ್ನು ಕರೆದೆ. ನೂರು ಕಿಲೋ ಆಸಾಮಿ.

"ಇದರ ಮೇಲೆ ನಿಂತ್ಕೊಳ್ಳಿ."

ನಿಂತ. ಕತ್ತಲೆ.

"ಇಳೀರಿ."

ಬೆಳಕು.

"ಇನ್ನೊಂದ್ಸಲ."

ಏಳು ಸಲ ಹತ್ತಿಸಿ ಇಳಿಸಿದೆ. "ಮೇಡಂ, ಹೆಂಡತಿಗೆ ಫೋನ್ ಮಾಡಿ ಹೇಳ್ಬೇಕು. ನನ್ನ ತೂಕಾನೂ ಒಂದು ಉಪಯೋಗಕ್ಕೆ ಬಂತು ಅಂತ" ಅಂದ. ಇಬ್ಬರೂ ಕಾರಿಡಾರಿನಲ್ಲೇ ನಕ್ಕೆವು.

ಮಧ್ಯಾಹ್ನ ಟೆಲಿಫೋನ್ ಕಚೇರಿಯಲ್ಲಿರುವ ನನ್ನ ಹಳೇ ಸಹಪಾಠಿಯಿಂದ ದೂರ ಅಳೆಯುವ ಮೀಟರ್ ಕೇಳಿ ತಂದೆ. ಅರವತ್ತೊಂದನೇ ಮೀಟರಿನಲ್ಲಿ ಗೆರೆ ಮೆಟ್ಟಿಲಿನ ಹಾಗೆ ಕೆಳಗಿಳಿಯಿತು. ಹನ್ನೆರಡು ಎಳೆಯಲ್ಲೂ ಅಲ್ಲೇ. ಬರೀ ಅಮುಕಿದ್ದಲ್ಲ, ಅದು ಜೋಡಣೆಯ ಗುರುತು.

ಒಂದೇ ತುಂಡು ಅಂದಿದ್ದರಲ್ಲ?

ಜೂನ್ 19, ಬುಧವಾರ

ತಗಡು ಎತ್ತಿಸಿದೆ.

ಕೆಳಗೆ ಒಂದು ಸೋಪಿನ ಡಬ್ಬಿ. ಪ್ರಯಾಣಕ್ಕೆ ಒಯ್ಯುತ್ತಾರಲ್ಲ, ಆ ಥರದ ನೀಲಿ ಪ್ಲಾಸ್ಟಿಕ್ ಡಬ್ಬಿ, ಸುತ್ತ ಕಪ್ಪು ಟೇಪು. ಅದರೊಳಗೆ ಹನ್ನೆರಡು ಎಳೆಯನ್ನೂ ಕತ್ತರಿಸಿ ಜೋಡಿಸಿ ಸುರುಳಿ ಸುತ್ತಿ ತುರುಕಿದೆ. ತಗಡಿನ ಸ್ಕ್ರೂ ಎರಡು ಬಿದ್ದುಹೋಗಿವೆ, ಮೇಲೆ ಭಾರ ಬಿದ್ದಾಗೆಲ್ಲ ಅದು ಕುಸಿದು ಡಬ್ಬಿಯನ್ನು ಒತ್ತುತ್ತದೆ. ಎಳೆಗಳನ್ನು ಸದ್ಯಕ್ಕೆ ಒಂದು ಗಟ್ಟಿ ಪೆಟ್ಟಿಗೆಗೆ ಸರಿಸಿ, ಗಾಡಿಗಳು ತಗಡು ತುಳಿಯದ ಹಾಗೆ ಅಡ್ಡ ಹಾಕಿಸಿದೆ.

ಡಬ್ಬಿಯ ಮೇಲೊಂದು ಬಿಳಿ ಚೀಟಿ. ಆರು ವರ್ಷದ ಹಿಂದಿನ ತಾರೀಖು. ಏಳರ ಅಂಕಿಯ ಹೊಟ್ಟೆಗೆ ಅಡ್ಡಗೆರೆ. ಅದರ ಕೆಳಗೆ ದುಂಡಗಿನ ಅಕ್ಷರದಲ್ಲಿ: "ತಾತ್ಕಾಲಿಕ".

ಏಳಕ್ಕೆ ಹಾಗೆ ಅಡ್ಡಗೆರೆ ಎಳೆಯುವವರು ಈ ಆಸ್ಪತ್ರೆಯಲ್ಲಿ ಒಬ್ಬರೇ. ನಾನೂ ಅವರನ್ನು ನೋಡಿ ಎಳೆಯಲು ಶುರು ಮಾಡಿದೆ, ಆದ್ದರಿಂದ ಇಬ್ಬರು.

ಜೂನ್ 20, ಗುರುವಾರ

ದಾಖಲೆ ಕೋಣೆಯಿಂದ ಕೇಬಲ್ಲಿನ ಪರೀಕ್ಷಾ ವರದಿ ತೆಗೆಸಿದೆ. ಹನ್ನೆರಡು ಎಳೆ, ಹನ್ನೆರಡು ಅಳತೆ. ಹನ್ನೆರಡೂ ಒಂದೇ, ದಶಮಾಂಶದ ಎರಡನೇ ಸ್ಥಾನದವರೆಗೂ ಒಂದೇ. ಯಾವುದೋ ಒಳ್ಳೆಯ ತುಂಡನ್ನು ಒಂದು ಸಲ ಅಳೆದು, ಅದನ್ನೇ ಹನ್ನೆರಡು ಸಲ ಬರೆದಿದ್ದಾನೆ.

ಕೆಳಗೆ ಅವನ, ನನ್ನ ಮೇಷ್ಟ್ರ, ಸಹಿ. ಅದರ ಪಕ್ಕದಲ್ಲಿ, "ಪರೀಕ್ಷೆಯನ್ನು ಖುದ್ದು ನೋಡಿದವರು" ಅನ್ನುವ ಕಡೆ, ನನ್ನ ಸಹಿ.

ನಾನು ನೋಡಿರಲಿಲ್ಲ. ಅವತ್ತು ಕ್ಯಾಂಟೀನಿನಲ್ಲಿ ಚಹಾ ಲೋಟದ ಪಕ್ಕ ಹಾಳೆಯಿಟ್ಟು, "ನಾನು ನೋಡಿದ್ರೆ ನೀನು ನೋಡಿದ ಹಾಗೇ ಅಲ್ವಾ" ಅಂದಿದ್ದ. ನನಗೆ ಎಷ್ಟು ಹೆಮ್ಮೆಯಾಗಿತ್ತೆಂದರೆ, ಮನೆಗೆ ಬಂದು ತಂಗಿಗೆ ಹೇಳಿದ್ದೆ.

ಜೂನ್ 21, ಶುಕ್ರವಾರ

ಸಂಜೆ ಐದಕ್ಕೆ ಅವನ ಮನೆಗೆ ಹೋದೆ. ಹೆಂಡತಿ, ನಾನು ಅತ್ತಿಗೆ ಅನ್ನುತ್ತೇನೆ, ನಗುನಗುತ್ತಾ ಬಾಗಿಲು ತೆಗೆದರು. ಅವನು ಕುರ್ಚಿಯಲ್ಲಿ ಕೂತು ಹಳೇ ರೇಡಿಯೊ ಬಿಚ್ಚಿಕೊಂಡಿದ್ದ. ಸೋಪಿನ ಡಬ್ಬಿಯನ್ನು ಚೀಲದಿಂದ ತೆಗೆದು ರೇಡಿಯೊ ಪಕ್ಕ ಇಟ್ಟೆ.

ಡಬ್ಬಿಯನ್ನು ತಿರುಗಿಸಿ ಚೀಟಿ ನೋಡಿದ. "ತಾತ್ಕಾಲಿಕ ಅಂತ ಬರೆದಿದ್ದೀನಲ್ಲಮ್ಮ" ಅಂದ.

ಸ್ಕ್ಯಾನಿಂಗ್ ಕಟ್ಟಡದ ಉದ್ಘಾಟನೆಗೆ ಒಂದು ವಾರ ಇದ್ದಾಗ ನೆಲದ ಕೆಲಸದವರು ಕೇಬಲ್ ಕತ್ತರಿಸಿಬಿಟ್ಟರಂತೆ. ಹೊಸ ಕೇಬಲ್ ಬರಲು ಇಪ್ಪತ್ತು ದಿನ ಬೇಕಿತ್ತಂತೆ. ಆಗುತ್ತದೆ ಅಂತ ಎಲ್ಲರೆದುರು ಮಾತು ಕೊಟ್ಟಿದ್ದನಂತೆ. ಆಮೇಲೆ ಬದಲಾಯಿಸೋಣ ಅಂದುಕೊಂಡನಂತೆ, ಆಮೇಲೆ ಎಲ್ಲರೂ ಹೊಗಳಿದರಂತೆ, ಆಮೇಲೆ ಹೇಳುವುದು ಹೇಗೆ?

"ಅದಿರಲಿ. ಈ ತಿಂಗಳು ಮೂರನೇ ತಾರೀಖು ನಾನು ಫೋನ್ ಮಾಡಿದಾಗಲೇ ಇದೇ ಅಂತ ನಿಮಗೆ ಗೊತ್ತಿತ್ತಾ?"

ರೇಡಿಯೊದ ಒಂದು ಸ್ಕ್ರೂ ಎತ್ತಿಕೊಂಡು ಬೆರಳಲ್ಲಿ ತಿರುಗಿಸಿದ. ಅಷ್ಟರಲ್ಲಿ ಅವನ ಹಿಂದಿನ ಕಪಾಟು ಕಣ್ಣಿಗೆ ಬಿತ್ತು. ಎರಡನೇ ಅರೆಯಲ್ಲಿ ಆಸ್ಪತ್ರೆಯ ಮೀಟರ್, ಹಳದಿ ಚೀಲದೊಳಗೆ. ರಿಪೇರಿಗೂ ಹೋಗಿಲ್ಲ, ಎಲ್ಲಿಗೂ ಹೋಗಿಲ್ಲ.

"ಮಾಡ್ಯೂಲ್ ಬದಲಾಯಿಸು ಅಂದ್ರಿ. ಸ್ವಿಚ್ ಬದಲಾಯಿಸು ಅಂದ್ರಿ. ನಾನು ಓಡಾಡ್ತಾ ಇದ್ದೆ. ಒಬ್ಬರ ಕೈ ಹೋಯ್ತು ಮೇಷ್ಟ್ರೆ."

"ನೀನು ಅಲ್ಲೀವರೆಗೂ ಹುಡುಕ್ತೀಯ ಅಂದ್ಕೊಂಡಿರಲಿಲ್ಲ" ಅಂದ. ಬೈದದ್ದೂ ಅಲ್ಲ, ಹೊಗಳಿದ್ದೂ ಅಲ್ಲ, ಇದ್ದದ್ದನ್ನು ಹೇಳಿದ. "ನಾನು ಹೇಳಿದ್ದನ್ನ ನೀನು ಯಾವತ್ತೂ ಮೀರಿದವಳಲ್ಲ."

ಹದಿನಾಲ್ಕು ವರ್ಷದ ನನ್ನ ನಂಬಿಕೆಯನ್ನು ಆ ತಗಡಿನ ಹಾಗೆ ಮೇಲೆ ಮುಚ್ಚಿಕೊಂಡು ಕೂತಿದ್ದ. ಮೀಟರ್ ತೆಗೆದುಕೊಂಡು ಬಂದೆ. ಅತ್ತಿಗೆ ಚಹಾ ತಂದಿದ್ದರು, ಕುಡಿಯಲಿಲ್ಲ.

ಜೂನ್ 23, ಭಾನುವಾರ

ಜಗಳ. ಸೋಮವಾರ ಶಾಲೆಯ ಮೀಟಿಂಗ್, ಬರುವುದು ತಡವಾಗುತ್ತೆ ಅಂದಳು ತಂಗಿ. ಯಾವ ಮೀಟಿಂಗ್, ಯಾರು ಕರೆದದ್ದು ಅಂತ ಕೇಳಿದೆ. ಗ್ಯಾಸ್ ಆಫ್ ಮಾಡಿದ್ದೀನಿ ಅಂದಳು, ಎದ್ದು ಹೋಗಿ ನೋಡಿದೆ. ಮಾತ್ರೆ ತಗೊಂಡೆ ಅಂದಳು, ಪಟ್ಟಿಯಲ್ಲಿ ಎಣಿಸಿದೆ.

"ಏನಕ್ಕಾ ಇದು? ನನ್ನನ್ನೂ ಮೀಟರ್ ಇಟ್ಟು ಅಳೀತೀಯಾ?" ಅಂತ ಕಿರುಚಿದಳು. "ಮೋಸ ಮಾಡಿದ್ದು ಅವರು. ನಾನಲ್ಲ!"

ಹಾಗೇನೂ ನಾನು ಮಾಡಿಲ್ಲ ಅಂದೆ. ಅವಳು ಬೆರಳು ಮಡಚಿ ಒಂದೊಂದೇ ಹೇಳಿದಳು: ಹೋದ ವಾರದ ಚಿಲಕ, ಗ್ಯಾಸು, ಮಾತ್ರೆ, ಮೀಟಿಂಗ್. ಅಷ್ಟೆಲ್ಲಾ ಆಗಿದೆಯಾ ಅಂತ ಆಶ್ಚರ್ಯವಾಯಿತು. ಕೆಲಸದ ಆಯಾಸ ಇರಬೇಕು. ಆಮೇಲೆ ಅವಳೇ ಪಕ್ಕ ಬಂದು ಕೂತಳು. ನಾಳಿದ್ದು ವಿಚಾರಣೆ, ಏನು ಹೇಳುತ್ತೀಯ ಅಂತ ಕೇಳಿದಳು. ನನ್ನ ಸಹಿಯೂ ಇದೆ ಕಣೇ ಅಂದೆ. ಗೊತ್ತು ಅಂದಳು. ತಲೆ ಸವರಿದಳು.

ಜೂನ್ 25, ಮಂಗಳವಾರ

ಸೂಪರಿಂಟೆಂಡೆಂಟ್, ಇಬ್ಬರು ಡಾಕ್ಟರು, ಮೂಲೆಯಲ್ಲಿ ಅವನು. ಡಬ್ಬಿ, ವರದಿ, ಬಿದ್ದ ಹೊತ್ತಿನ ಹಾಳೆ, ಎಲ್ಲಾ ಮೇಜಿನ ಮೇಲಿಟ್ಟೆ. ಇದು ನನ್ನ ಸಹಿ, ಪರೀಕ್ಷೆಯನ್ನು ನಾನು ನೋಡಿರಲಿಲ್ಲ, ನೋಡದೆ ಸಹಿ ಹಾಕಿದೆ ಅಂದೆ.

"ಹಾಗಾದ್ರೆ ಯಾಕೆ ಹಾಕಿದಿರಿ?" ಅಂದರು ಸೂಪರಿಂಟೆಂಡೆಂಟ್.

"ಅವರನ್ನ ನಂಬಿದ್ದೆ ಸಾರ್."

ಅವನು ತಲೆ ಎತ್ತಲಿಲ್ಲ. ತನ್ನ ಸರದಿ ಬಂದಾಗ, "ಆಕೆ ಹೇಳಿದ್ದು ನಿಜ" ಅಂತಷ್ಟೇ ಅಂದ. ಇಷ್ಟೇ ಮಾತನ್ನು ಮೂರನೇ ತಾರೀಖು ಫೋನಿನಲ್ಲಿ ಹೇಳಬಹುದಿತ್ತು.

ನನಗೆ ಎಚ್ಚರಿಕೆ ಪತ್ರ, ಸೇವಾ ಪುಸ್ತಕದಲ್ಲಿ ಸೇರುತ್ತದೆ. ಅವನ ಸಲಹೆಗಾರಿಕೆ ಇವತ್ತಿಗೆ ಮುಗಿಯಿತು, ಇನ್ನು ಆಸ್ಪತ್ರೆಯ ಕೆಲಸದ ಜಾಗಕ್ಕೆ ಕಾಲಿಡುವ ಹಾಗಿಲ್ಲ.

ಹೊರಗೆ ಬಂದು ನೇರ ಬಡಗಿಯ ವಾರ್ಡಿಗೆ ಹೋದೆ. ಅವರ ಹೆಂಡತಿಗೆ ನಾನು ಯಾರೆಂದು ಹೇಳಿ, ಅವತ್ತು ಏನಾಯಿತೆಂದು ಪೂರ್ತಿ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. "ಇವತ್ತು ಎರಡು ಬೆರಳು ಅಲ್ಲಾಡಿಸಿದ್ರು" ಅಂದು, ಮುಖ ಆ ಕಡೆ ತಿರುಗಿಸಿಕೊಂಡರು.

ಜುಲೈ 6, ಶನಿವಾರ

ಹೊಸ ಕೇಬಲ್ ಬಂತು. ಕಾರಿಡಾರಿನ ದಾರಿ ಬಿಟ್ಟು ಗೋಡೆಯ ಮೇಲ್ಭಾಗದಿಂದ ಎಳೆಸಿದೆ. ಎರಡು ದಿನ ಏಣಿಯ ಮೇಲೇ ಇದ್ದೆ. ಬದಲಿ ದಾರಿಗೆ ಬೇರೆಯೇ ಕೇಬಲ್ಲು, ಕಟ್ಟಡದ ಇನ್ನೊಂದು ಬದಿಯಿಂದ. ಹನ್ನೆರಡು ಎಳೆಯನ್ನೂ ಎರಡೂ ತುದಿಯಿಂದ ಅಳೆದೆ. ಹನ್ನೆರಡು ಅಳತೆ ಹನ್ನೆರಡು ಥರ ಬಂತು, ಬರಬೇಕಾದ ಹಾಗೆ.

ಹೆಡ್ ಸಿಸ್ಟರ್ ಕೆಳಗೆ ನಿಂತು, "ಬೀಳ್ಬೇಡಿ ಮೇಡಂ, ನಿಮ್ಮ ಸ್ಕ್ಯಾನ್ ಈಗ ಬೇಗ ಬರುತ್ತೆ ಅಂತ ಬಿದ್ದು ನೋಡೋದು ಬೇಡ" ಅಂದರು.

ಜುಲೈ 16, ಮಂಗಳವಾರ

ಹತ್ತು ದಿನ. ಒಂದು ಸಲವೂ ಬಿದ್ದಿಲ್ಲ.

ಮಧ್ಯಾಹ್ನ ಊಟ ಮುಗಿಸಿ ಬಂದು ಕೂತಿದ್ದೆ, ಫೋನ್ ಬಂತು. ಮೇಷ್ಟ್ರು. ಎತ್ತಬಾರದು ಅಂದುಕೊಂಡೆ, ಎತ್ತಿದೆ.

"ಊಟ ಆಯ್ತಾ?" ಅಂದರು.

"ಆಯ್ತು."

"ನಾನಾಗಿದ್ರೆ ಎಲ್ಲರ ಮುಂದೆ ನಿನ್ನ ಹೆಸರು ಹೇಳ್ತಿರಲಿಲ್ಲಮ್ಮ."

"ನನಗಿಂತ ಮೊದ್ಲೇ ಹೇಳಿದ್ರಲ್ಲ ಮೇಷ್ಟ್ರೆ. ಪತ್ರ ನನ್ನ ಹತ್ರ ಇದೆ."

ಆ ಕಡೆ ಅತ್ತಿಗೆ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು.

"ಗೋಡೆ ಮೇಲಿಂದ ತಗೊಂಡು ಹೋದೆಯಂತೆ" ಅಂದರು ಕೊನೆಗೆ. "ಒಳ್ಳೇ ದಾರಿ. ಮೂಲೆಯಲ್ಲಿ ತಿರುವು ಸ್ವಲ್ಪ ದೊಡ್ಡದಾಗೇ ಇಟ್ಟಿದ್ದೀಯ ತಾನೇ?"

"ಇಟ್ಟಿದ್ದೀನಿ."

"ಒಂದ್ಸಲ ಬಂದು ನೋಡ್ಲಾ? ನಾನಾಗೇ ಒಳಗೆ ಬರಲ್ಲ. ಗೇಟಿನ ಹತ್ರ ನಿಂತ್ಕೋತೀನಿ, ನೀನು ಕರ್ಕೊಂಡು ಹೋಗಿ ತೋರ್ಸಿದ್ರೆ ಸಾಕು. ಐದು ನಿಮಿಷ."

ಹದಿನಾಲ್ಕು ವರ್ಷ ಅವರಿಗೆ "ಬನ್ನಿ ಮೇಷ್ಟ್ರೆ" ಅಂತಲೇ ಹೇಳಿ ರೂಢಿಯಾದ ಬಾಯಿ. ಆ ಮಾತೇ ನಾಲಿಗೆಯ ತುದಿಗೆ ಬಂತು.

"ಬೇಡ" ಅಂದೆ.

"ಸರಿ" ಅಂದರು. ಫೋನ್ ಅವರೇ ಇಟ್ಟರು.

ಬಾಗಿಲು ಮುಂದೆ ಮಾಡಿಕೊಂಡು ಅತ್ತೆ. ಬಡಗಿಯ ಕೈಗೋ, ನನ್ನ ಸಹಿಗೋ, ಗೇಟಿನ ಹತ್ತಿರ ನಿಲ್ಲುತ್ತೇನೆ ಅಂದ ಆ ದನಿಗೋ, ಗೊತ್ತಾಗಲಿಲ್ಲ. ಅವರನ್ನು ಕ್ಷಮಿಸಿಲ್ಲ. ಕ್ಷಮಿಸಲು ಆಗುವುದೂ ಇಲ್ಲ ಅನ್ನಿಸುತ್ತದೆ.

ಮುಖ ತೊಳೆಯುತ್ತಿದ್ದಾಗ ಯಾರೋ ಬಾಗಿಲು ತಟ್ಟಿದರು. ಲ್ಯಾಬಿಗೆ ಹೊಸದಾಗಿ ಸೇರಿದ ಟೆಕ್ನಿಷಿಯನ್, ಇನ್ನೂ ಯಾರ ಪರಿಚಯವೂ ಇಲ್ಲ.

"ನಮ್ಮ ಕಡೆ ಲಿಂಕ್ ಬರ್ತಿಲ್ಲ. ಇಲ್ಲಿ ಇದನ್ನೆಲ್ಲಾ ತಿಳಿದೋರು ಯಾರು?"

"ನಾನೇ" ಅಂದೆ. "ಬಂದೆ, ನಡೀರಿ."